ಉಡುಪಿಯ ಎರಡು ‘ಯು’

‘ನುಡಿ’ಯ ಕಗಪ ಕೀಲಿಮಣೆಯಲ್ಲಿ ‘ಉಡುಪಿ’ ಅಂತ ಬರೆಯಲು ಐದು ಕೀಲಿ ಸಾಕು. ಯು, ಡಬ್ಲ್ಯು, ಯು, ಪಿ, ಐ. ಇದರಲ್ಲಿ ‘ಯು’ ಎರಡು ಸಲ ಬರುತ್ತದೆ. ಮೊದಲನೆಯದು ಪದದ ಆರಂಭದಲ್ಲಿ ಇರುವುದರಿಂದ ‘ಉ’ ಆಗುತ್ತದೆ. ಎರಡನೆಯದು ‘ಡ’ದ ಬೆನ್ನಿಗೆ ಬರುವುದರಿಂದ ಕೊಂಬಾಗುತ್ತದೆ. ಬೆರಳು ಅದೇ, ಕೀಲಿ ಅದೇ, ಒತ್ತಿದ ರೀತಿಯೂ ಅದೇ. ಪರದೆಯ ಮೇಲೆ ಬಂದದ್ದು ಮಾತ್ರ ಬೇರೆ. ದಿನಾ ಟೈಪ್ ಮಾಡುವವರ ಗಮನಕ್ಕೂ ಇದು ಬರುವುದಿಲ್ಲ. ಬರಬಾರದು ಕೂಡ. ಒಳ್ಳೆಯ ಕೆಲಸದ ಲಕ್ಷಣ ಅದು.

ಈ ಸಣ್ಣ ವಿಷಯವನ್ನು ಯಾಕೆ ಎತ್ತಿಕೊಂಡೆ ಅಂದರೆ, ಇವತ್ತು ನಾನು ವಿಮರ್ಶೆ ಮಾಡಲು ಹೊರಟಿರುವುದು ಕಾದಂಬರಿಯನ್ನೂ ಅಲ್ಲ, ಸಿನಿಮಾವನ್ನೂ ಅಲ್ಲ. ನಾಲ್ಕು ಸಾಲಿನ ಒಂದು ಜಾವಾಸ್ಕ್ರಿಪ್ಟ್ ತುಣುಕನ್ನು. ವೆಬ್ ಪುಟ ಬರೆಯಲು ಕಲಿತ ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ ಇದನ್ನು ನಕಲು ಮಾಡಿ ಅಂಟಿಸಿರುತ್ತಾರೆ. ಓದುವವರ ಲೆಕ್ಕ ಹಿಡಿದರೆ ಯಾವ ಕವಿತೆಗೂ ಇಷ್ಟು ಓದುಗರಿಲ್ಲ. ಹಾಗಿರುವಾಗ ಇದಕ್ಕೊಂದು ವಿಮರ್ಶೆ ಬೇಡವಾ?

ತುಣುಕಿನ ಕತೆ ಇಷ್ಟೆ. ಪುಟದಲ್ಲಿ ಒಂದು ಪೆಟ್ಟಿಗೆ ಉಂಟು, ಪಕ್ಕದಲ್ಲಿ ಒಂದು ಬಟನ್ ಉಂಟು. ಪೆಟ್ಟಿಗೆಯಲ್ಲಿ ಏನೋ ಬರೆದು ಎಂಟರ್ ಒತ್ತಿದರೆ ಬಟನ್ ತಾನೇ ಕ್ಲಿಕ್ ಆಗಬೇಕು. ಅದಕ್ಕೆ ಪೆಟ್ಟಿಗೆಯ ಬಾಗಿಲಲ್ಲಿ ಒಬ್ಬ ಕಾವಲಿನವನನ್ನು ಕೂರಿಸುವುದು. ಯಾವುದೇ ಕೀಲಿಯಿಂದ ಬೆರಳು ಎದ್ದ ತಕ್ಷಣ, ಅಂದರೆ ‘ಕೀಅಪ್’ ಆದಾಗ, ಅವನು ಕೀಲಿಯ ನಂಬರ್ ನೋಡುತ್ತಾನೆ. ನಂಬರ್ 13 ಆಗಿದ್ದರೆ ಬಟನ್‌ನ ‘ಕ್ಲಿಕ್’ ಅನ್ನು ಕರೆಯುತ್ತಾನೆ. ಮುಗಿಯಿತು. ಕೆಲಸ ಮಾಡುತ್ತದೆ, ನೀವೇ ಒತ್ತಿ ನೋಡಿದರೆ ಖುಷಿಯೂ ಆಗುತ್ತದೆ.

ಈ 13 ಎಲ್ಲಿಂದ ಬಂತು ಅನ್ನುವುದು ಚಂದದ ಕತೆ. ಟೆಲಿಪ್ರಿಂಟರ್ ಕಾಲದಲ್ಲಿ ಒಂದು ಸಾಲು ಅಚ್ಚಾದ ಮೇಲೆ ಅಚ್ಚಿನ ತಲೆಯನ್ನು ಸಾಲಿನ ಆರಂಭಕ್ಕೆ ವಾಪಸ್ ತರಬೇಕಿತ್ತು. ಆ ಆಜ್ಞೆಗೆ ಆಸ್ಕಿ ಪಟ್ಟಿಯಲ್ಲಿ ಸಿಕ್ಕ ಸಂಖ್ಯೆ 13. 1995ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟ್‌ನ ಮೊದಲ ರೂಪ ಕಟ್ಟಿದರು. ಆಮೇಲೆ ಬಂದ ಬ್ರೌಸರ್‌ಗಳು ಒಂದೊಂದು ಕೀಲಿಗೆ ಒಂದೊಂದು ‘ಕೀಕೋಡ್’ ಕೊಟ್ಟವು, ಎಂಟರ್‌ಗೆ ಹಳೆಯ 13 ಉಳಿಯಿತು. ಈಗ ಕೀಕೋಡ್ ಬಳಸಬೇಡಿ ಅಂತ ಮಾನಕವೇ ಹೇಳುತ್ತದೆ. ಆದರೂ ತುಣುಕು ಸತ್ತಿಲ್ಲ. ಹಳೆ ಪಾಠಗಳಿಂದ ಹೊಸ ಪ್ರಾಜೆಕ್ಟ್‌ಗಳಿಗೆ, ಅಲ್ಲಿಂದ ಈಗ ಎಐ ಬರೆದುಕೊಡುವ ಕೋಡಿಗೂ ದಾಟಿಕೊಂಡಿದೆ.

ನನ್ನ ಮೊದಲ ತಕರಾರು ಈ ಸಂಖ್ಯೆಯ ಬಗ್ಗೆ ಅಲ್ಲ. ಆಗಲೇ ಆಗುವ ಕೆಲಸವನ್ನು ಮತ್ತೆ ಮಾಡಿಸುವುದರ ಬಗ್ಗೆ.

ಎಚ್‌ಟಿಎಂಎಲ್‌ನಲ್ಲಿ ‘ಫಾರ್ಮ್’ ಅಂತ ಒಂದು ಉಂಟು. ಪೆಟ್ಟಿಗೆ ಮತ್ತು ಬಟನ್ ಎರಡನ್ನೂ ಫಾರ್ಮ್ ಒಳಗೆ ಇಟ್ಟರೆ, ಪೆಟ್ಟಿಗೆಯಲ್ಲಿ ಎಂಟರ್ ಒತ್ತಿದಾಗ ಬ್ರೌಸರ್ ತಾನೇ ಆ ಫಾರ್ಮಿನ ಮೊದಲ ಸಬ್ಮಿಟ್ ಬಟನ್ ಅನ್ನು ಕ್ಲಿಕ್ ಮಾಡುತ್ತದೆ. ಒಂದು ಸಾಲು ಜಾವಾಸ್ಕ್ರಿಪ್ಟೂ ಬೇಡ. ಬಟನ್ ಮೇಲೆ ನಿಂತು ಎಂಟರ್ ಒತ್ತಿದರೂ ಕ್ಲಿಕ್, ಸ್ಪೇಸ್ ಒತ್ತಿ ಬಿಟ್ಟರೂ ಕ್ಲಿಕ್. ಇದನ್ನು ಗೊತ್ತಿಲ್ಲದೆ ಮೇಲಿಂದ ನಮ್ಮ ಕಾವಲಿನವನನ್ನೂ ಕೂರಿಸಿದರೆ ಏನಾಗುತ್ತದೆ? ಕೀಲಿ ಕೆಳಗೆ ಹೋದಾಗ ಬ್ರೌಸರ್ ಒಮ್ಮೆ ಕ್ಲಿಕ್ ಮಾಡುತ್ತದೆ. ಬೆರಳು ಎದ್ದಾಗ ಕಾವಲಿನವ ಇನ್ನೊಮ್ಮೆ ಮಾಡುತ್ತಾನೆ. ಪುಟ ಅಲ್ಲೇ ನಿಂತು ಹಿನ್ನೆಲೆಯಲ್ಲಿ ಮಾಹಿತಿ ಕಳಿಸುವ ಇವತ್ತಿನ ಶೈಲಿಯಲ್ಲಿ ಒಂದು ಅರ್ಜಿ ಎರಡಾಗುತ್ತದೆ. ಹುಡುಕಾಟದ ಪೆಟ್ಟಿಗೆಯಲ್ಲಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಹಣ ಕಟ್ಟುವ ಪುಟದಲ್ಲಿ, ಆಚೆ ಸರ್ವರ್‌ನವರು ಎಚ್ಚರದಿಂದ ಇಲ್ಲದಿದ್ದರೆ, ಗೊತ್ತಾಗುತ್ತದೆ.

ಇನ್ನೊಂದು ತಮಾಷೆ ನೋಡಿ. ಪುಟ ‘ಹೆಸರು ಬರೆಯಿರಿ’ ಅಂತ ಎಚ್ಚರಿಕೆಯ ಡಬ್ಬಿ ತೋರಿಸುತ್ತದೆ ಅಂದುಕೊಳ್ಳಿ. ಅದನ್ನು ಮುಚ್ಚಲು ನೀವು ಎಂಟರ್ ಒತ್ತುತ್ತೀರಿ. ಒತ್ತಿದ್ದು ಡಬ್ಬಿಗೆ, ಆದರೆ ಬೆರಳು ಏಳುವಷ್ಟರಲ್ಲಿ ಡಬ್ಬಿ ಮಾಯ. ಏಳುವ ಸುದ್ದಿ ಹೋಗಿ ಪೆಟ್ಟಿಗೆಗೆ ಮುಟ್ಟುತ್ತದೆ. ಕಾವಲಿನವ 13 ನೋಡುತ್ತಾನೆ, ಬಟನ್ ಒತ್ತುತ್ತಾನೆ, ಡಬ್ಬಿ ಮತ್ತೆ ಬರುತ್ತದೆ. ಮತ್ತೆ ಎಂಟರ್, ಮತ್ತೆ ಡಬ್ಬಿ. ಕೊನೆಗೆ ಮೌಸ್ ಹಿಡಿಯಲೇಬೇಕು. ಒತ್ತಿದ್ದು ಯಾರಿಗೆ, ಬಿಟ್ಟದ್ದು ಯಾರ ಎದುರು ಅನ್ನುವ ವ್ಯತ್ಯಾಸವೇ ಆ ನಾಲ್ಕು ಸಾಲಿಗೆ ಗೊತ್ತಿಲ್ಲ.

ಫಾರ್ಮಿನಲ್ಲೂ ಒಂದು ಹೊಂಡ ಉಂಟು, ಅದನ್ನು ಹೇಳದಿದ್ದರೆ ಪಕ್ಷಪಾತ ಆದೀತು. ಫಾರ್ಮಿನ ಒಳಗಿನ ಬಟನ್‌ಗೆ ನೀನು ಯಾವ ಜಾತಿಯ ಬಟನ್ ಅಂತ ಹೇಳದಿದ್ದರೆ ಅದು ತನ್ನನ್ನು ಸಬ್ಮಿಟ್ ಅಂತಲೇ ತಿಳಿದುಕೊಳ್ಳುತ್ತದೆ. ನೀವು ಅಂದಕ್ಕೆ ಅಂತ ‘ಅಳಿಸು’ ಬಟನ್ ಅನ್ನು ಮೊದಲಿಗೆ ಇಟ್ಟಿದ್ದರೆ, ಎಂಟರ್ ಒತ್ತಿದವರ ಪಾಲಿಗೆ ಒತ್ತಿಹೋಗುವುದು ಅದೇ.

ಎರಡನೆಯ ತಕರಾರಿಗೆ ಉಡುಪಿಯ ಎರಡು ‘ಯು’ ಬೇಕು. ಕಗಪ ಕೀಲಿಮಣೆ ಹುಟ್ಟಿದ್ದು ಕಿನ್ನಿಕಂಬಳದ ಪದ್ಮನಾಭ ರಾಯರ, ಅಂದರೆ ಮಣಿಪಾಲದಲ್ಲಿ ನೆಲೆ ನಿಂತ ಕೆ.ಪಿ. ರಾಯರ ಯೋಚನೆಯಿಂದ. ಅವರ ವಿನ್ಯಾಸವನ್ನೇ ಸ್ವಲ್ಪ ತಿದ್ದಿ ಕರ್ನಾಟಕ ಸರಕಾರ ಮಾನಕ ಮಾಡಿತು, ಕನ್ನಡ ಗಣಕ ಪರಿಷತ್ತು ಅದನ್ನು ‘ನುಡಿ’ಯಲ್ಲಿ ಅಳವಡಿಸಿತು. ರಾಯರು ತಾವು ಮಾಡಿದ ಕನ್ನಡ ತಂತ್ರಾಂಶಕ್ಕೆ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಪುಕ್ಕಟೆ ಹಂಚಿದರು.

ಅವರ ಎದುರಿಗಿದ್ದ ಸಮಸ್ಯೆ ಏನು? ಇಂಗ್ಲಿಷಿನಲ್ಲಿ 26 ಅಕ್ಷರ. ಕನ್ನಡದಲ್ಲಿ ಸ್ವರ, ವ್ಯಂಜನ, ಕಾಗುಣಿತ, ಒತ್ತು ಎಲ್ಲ ಸೇರಿ ಬರಹದಲ್ಲಿ ಸಾವಿರಗಟ್ಟಲೆ ಆಕಾರ. ಆಕಾರಕ್ಕೊಂದು ಕೀಲಿ ಅಂತ ಹೋದರೆ ಮೇಜಿನ ಮೇಲೆ ಜಾಗ ಸಾಲದು. ರಾಯರು ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದರು. ಕೆ ಒತ್ತಿದರೆ ಕ. ಅದರ ಮೇಲೆ ಐ ಒತ್ತಿದರೆ ಗುಡಿಸು ಬಂದು ಕಿ. ಒತ್ತಕ್ಷರ ಬೇಕಾದರೆ ನಡುವೆ ಎಫ್. ‘ಕಾರ್ಕಳ’ ಬರೆಯಲು ಕೆ, ದೊಡ್ಡ ಎ, ಆರ್, ಎಫ್, ಕೆ, ದೊಡ್ಡ ಎಲ್. ‘ಕಾಪು’ವಿಗೆ ಕೆ, ದೊಡ್ಡ ಎ, ಪಿ, ಯು. ಬಾಯಲ್ಲಿ ಹೇಳಿದ ಕ್ರಮದಲ್ಲಿ ಕೈ ಹೋಗುತ್ತದೆ. ಅರ್ಕಾವೊತ್ತು ಎಲ್ಲಿ ಕೂರಬೇಕು ಅನ್ನುವ ಚಿಂತೆ ಯಂತ್ರದ್ದು, ನಮ್ಮದಲ್ಲ.

ಇದಕ್ಕೂ ಮಿತಿ ಉಂಟು. ಇಂಗ್ಲಿಷಿನಲ್ಲಿ ಟ, ಡ ಬೇರೆಯಾಗಿ ಇಲ್ಲದ ಕಾರಣ ಅವು ಹೋಗಿ ಕ್ಯೂ, ಡಬ್ಲ್ಯುಗಳ ಮೇಲೆ ಕೂತಿವೆ. ಅದನ್ನು ಬಾಯಿಪಾಠ ಮಾಡಲೇಬೇಕು. ಇಂಗ್ಲಿಷ್ ಅಕ್ಷರದ ಜಾಗ ಮೊದಲೇ ಗೊತ್ತಿರುವವರಿಗೆ ಮಾತ್ರ ಇದು ಸುಲಭ. ಭಾರತೀಯ ಭಾಷೆಗಳಿಗೆಲ್ಲ ಒಂದೇ ನಕ್ಷೆ ಕೊಡುವ ಇನ್‌ಸ್ಕ್ರಿಪ್ಟ್ ಆ ಹಂಗಿನಿಂದ ಹೊರಗಿದೆ: ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಅದರಲ್ಲಿ ‘ಉಡುಪಿ’ ಬರೆಯಲು ಶಿಫ್ಟ್ ಹಿಡಿದ ಜಿ, ಚೌಕ ಆವರಣ, ಬರೀ ಜಿ, ಎಚ್, ಎಫ್. ಅಂದರೆ ‘ಉ’ ಬೇಕಾ ಕೊಂಬು ಬೇಕಾ ಅಂತ ನೀವೇ ಶಿಫ್ಟ್ ಹಿಡಿದು ಹೇಳಬೇಕು. ಕಗಪದಲ್ಲಿ ಸಂದರ್ಭ ನೋಡಿ ಯಂತ್ರ ಹೇಳಿಕೊಳ್ಳುತ್ತದೆ. ಎರಡೂ ಸಭ್ಯ ವ್ಯವಸ್ಥೆಗಳೇ. ಎರಡರಲ್ಲೂ ಒಂದು ಪಾಠ ಸಮಾನ: ಕೀಲಿಯ ಜಾಗ ಬೇರೆ, ಅದರಿಂದ ಬರುವ ಅಕ್ಷರ ಬೇರೆ, ಒತ್ತಿದವರಿಗೆ ಬೇಕಾದದ್ದು ಇನ್ನೂ ಬೇರೆ.

ಬ್ರೌಸರ್‌ಗಳಿಗೂ ತಡವಾಗಿಯಾದರೂ ಈ ಬುದ್ಧಿ ಬಂದಿದೆ. ಈಗ ಕೀಲಿ ಒತ್ತಿದಾಗ ಪುಟಕ್ಕೆ ಎರಡು ಸುದ್ದಿ ಬರುತ್ತದೆ. ‘ಕೋಡ್’ ಅನ್ನುವುದು ಜಾಗ ಹೇಳುತ್ತದೆ, ‘ಕೀ’ ಅನ್ನುವುದು ಬಂದ ಅಕ್ಷರ ಹೇಳುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಕನ್ನಡ ಇನ್‌ಸ್ಕ್ರಿಪ್ಟ್ ಆಯ್ಕೆ ಮಾಡಿ ಎಂ ಕೀಲಿ ಒತ್ತಿದರೆ ಕೋಡ್ ‘ಕೀಎಂ’, ಕೀ ಮಾತ್ರ ‘ಸ’. ಜರ್ಮನಿಯ ಕೀಬೋರ್ಡಿನಲ್ಲಿ ವೈ ಮತ್ತು ಝಡ್ ಜಾಗ ಅದಲುಬದಲು. ಫ್ರಾನ್ಸಿನಲ್ಲಿ ಎ ಇರಬೇಕಾದಲ್ಲಿ ಕ್ಯೂ. ಹಾಗಾಗಿ ಇದು ಕನ್ನಡದ ಅಳು ಅಂತ ಯಾರೂ ತಳ್ಳಿಹಾಕುವ ಹಾಗಿಲ್ಲ.

ಈಗ ನಮ್ಮ ಆಧುನಿಕ ಪುಟಗಳ ಕಡೆ ನೋಡಿ. ಎಸ್ ಒತ್ತಿದರೆ ಉಳಿಸು, ಎನ್ ಒತ್ತಿದರೆ ಹೊಸತು, ಜೆ ಒತ್ತಿದರೆ ಮುಂದಿನದು. ಕೋಡ್ ಬರೆದವರು ಬಂದ ಅಕ್ಷರ ‘ಎಸ್’ ಹೌದಾ ಅಂತ ಕೇಳಿರುತ್ತಾರೆ. ಕನ್ನಡ ಕೀಲಿಮಣೆ ಚಾಲೂ ಇದ್ದವರ ಕಡೆಯಿಂದ ಬರುವುದು ಕನ್ನಡ ಅಕ್ಷರ. ಪುಟ ಮಿಸುಕುವುದಿಲ್ಲ. ತಪ್ಪು ಅಂತಲೂ ಹೇಳುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವುದಕ್ಕೆ ಸಿಗುವ ಶಿಕ್ಷೆ ಅಂದರೆ ಮೌನ. ಆಂಡ್ರಾಯ್ಡ್ ಮೊಬೈಲಿನಲ್ಲಂತೂ ಅಕ್ಷರ ಒತ್ತಿದಾಗ ಪುಟಕ್ಕೆ ಬರುವುದು ಬಹಳ ಸಲ 229 ಅನ್ನುವ ಒಂದೇ ಸಂಖ್ಯೆ. ‘ಏನೋ ಒತ್ತಿದ್ದಾರೆ, ಏನು ಅಂತ ಆಮೇಲೆ ಹೇಳುತ್ತೇನೆ’ ಅಂತ ಅದರ ಅರ್ಥ.

ಈ 229 ನನ್ನ ಮೂರನೆಯ ತಕರಾರಿನ ಮುಖ್ಯ ಪಾತ್ರ. ಕನ್ನಡ ಟೈಪಿಂಗಿನ ಇನ್ನೊಂದು ದಾರಿ ಲಿಪ್ಯಂತರ. ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಬರೆದರೆ ಕೆಳಗೆ ಕನ್ನಡ ಪದಗಳ ಪಟ್ಟಿ ಇಳಿಯುತ್ತದೆ. ಬೇಕಾದದ್ದರ ಮೇಲೆ ನಿಂತು ಎಂಟರ್ ಒತ್ತಿದರೆ ಅದು ಪೆಟ್ಟಿಗೆಗೆ ಬೀಳುತ್ತದೆ. ಪದ ಕೂಡಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ ಬ್ರೌಸರ್ ಕೀಲಿಯನ್ನು 229 ಅಂತ ಕರೆಯುತ್ತದೆ, ‘ಈಗ ಕೂಡಿಕೆ ನಡೆಯುತ್ತಿದೆ’ ಅಂತ ಒಂದು ಬಾವುಟವನ್ನೂ ಹಾರಿಸುತ್ತದೆ. ಆದರೆ ಅದೆಲ್ಲ ಕೀಲಿ ಕೆಳಗೆ ಹೋಗುವಾಗ. ಬೆರಳು ಏಳುವ ಹೊತ್ತಿಗೆ ಕೂಡಿಕೆ ಮುಗಿದಿರುತ್ತದೆ, ಬರುವುದು ಬರೀ 13. ನಮ್ಮ ಕಾವಲಿನವ ನೋಡುವುದು ಆ ಹೊತ್ತನ್ನೇ! ಅವನಿಗೆ ಪದ ಆರಿಸಿದ ಎಂಟರೂ ಒಂದೇ, ಕಳಿಸು ಅನ್ನುವ ಎಂಟರೂ ಒಂದೇ.

ಕಾಪುವಿನ ಕಡೆ ಒಂದು ಸೇವಾ ಕೇಂದ್ರದಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಮೇಜಿನ ಆಚೆ ಅರ್ಜಿ ತುಂಬಿಸುವ ಹುಡುಗಿ, ಈಚೆ ಕಾಗದಪತ್ರ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಿಡಿದುಕೊಂಡು ನಿಂತ ಒಬ್ಬರು ಹಿರಿಯ ಹೆಂಗಸು. ಕನ್ನಡದಲ್ಲಿ ಹೆಸರು ತುಂಬಬೇಕಿತ್ತು. ಪಟ್ಟಿಯಿಂದ ಹೆಸರಿನ ಮೊದಲ ಭಾಗ ಆರಿಸಿ ಎಂಟರ್ ಒತ್ತಿದ್ದೇ ತಡ, ಪುಟ ‘ಮಾಹಿತಿ ಸ್ವೀಕರಿಸಲಾಗಿದೆ’ ಅಂದಿತು. ಗಂಡನ ಹೆಸರು, ಮನೆ ಹೆಸರು ಎರಡೂ ಹೊರಗೆ ಉಳಿದವು.

“ಆಯ್ತಾ ಮಗಾ?”

“ಇಲ್ಲ ಅಮ್ಮ, ಅದೇ ಹೋಯ್ತು. ಇನ್ನು ತಿದ್ದುಪಡಿಗೆ ಹಾಕ್ಬೇಕು. ನಾಳೆ ಆಧಾರ್ ಹಿಡ್ಕೊಂಡು ಇನ್ನೊಮ್ಮೆ ಬನ್ನಿ.”

ಹುಡುಗಿ ಬೈಸಿಕೊಂಡಳು, ಹಿರಿಯರು ಬಸ್ಸಿಗೆ ಇನ್ನೊಮ್ಮೆ ಹಣ ಕೊಟ್ಟರು. ಪುಟ ಬರೆದವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಅವರ ದಾಖಲೆಯಲ್ಲಿ ಅದು ಯಶಸ್ವಿಯಾಗಿ ಸಲ್ಲಿಕೆಯಾದ ಒಂದು ಅರ್ಜಿ. ನಾನು ಈ ನಾಲ್ಕು ಸಾಲಿನ ಮೇಲೆ ಇಷ್ಟು ಬರೆಯುತ್ತಿರುವುದು ಇದಕ್ಕೆ. ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದರೆ ಇದು ನೂರಕ್ಕೆ ನೂರು ಪಾಸಾಗುತ್ತದೆ. ಕನ್ನಡದಲ್ಲಿ ಹೆಸರು ಬರೆಯುವವರ ಕೈಯಲ್ಲಿ ಮಾತ್ರ ಫೇಲ್ ಆಗುತ್ತದೆ.

ಪರಿಹಾರ ಇಲ್ಲದ್ದೇನಲ್ಲ. ಕೀಲಿ ಏಳುವುದನ್ನು ಬಿಟ್ಟು ಇಳಿಯುವುದನ್ನು ಕೇಳಬೇಕು. ಕೂಡಿಕೆಯ ಬಾವುಟ ಹಾರುತ್ತಿದ್ದರೆ ಸುಮ್ಮನಿರಬೇಕು. ಸಫಾರಿ ಬ್ರೌಸರಿನಲ್ಲಿ ಬಾವುಟ ಸ್ವಲ್ಪ ಬೇಗ ಇಳಿಯುವ ಕಾರಣ 229 ಬಂದರೂ ಸುಮ್ಮನಿರಬೇಕು. ಬಳಸಬೇಡಿ ಅಂದ ಕೀಕೋಡನ್ನು ಇದೊಂದಕ್ಕೆ ಇಟ್ಟುಕೊಳ್ಳಬೇಕಾದದ್ದು ನಮ್ಮ ಕರ್ಮ. ಜಪಾನ್, ಚೀನಾದ ಪ್ರೋಗ್ರಾಮರ್‌ಗಳಿಗೆ ಇದೆಲ್ಲ ಹಳೇ ಪಾಠ. ಅವರಿಗೆ ತಮ್ಮ ಭಾಷೆಯಲ್ಲಿ ಪರೀಕ್ಷೆ ಮಾಡದೆ ಸಾಗುವುದಿಲ್ಲ. ನಮಗೆ ಸಾಗುತ್ತದೆ. ಬೆಂಗಳೂರಿನಲ್ಲಿ ಕೂತು ಕನ್ನಡದ ಪುಟ ಬರೆದು, ಅದರಲ್ಲಿ ‘ಟೆಸ್ಟ್ ಒಂದು’, ‘ಟೆಸ್ಟ್ ಎರಡು’ ಅಂತ ಇಂಗ್ಲಿಷಿನಲ್ಲಿ ತುಂಬಿ, ರಾತ್ರಿ ಲೈವ್ ಮಾಡಿ ಮನೆಗೆ ಹೋಗುತ್ತೇವೆ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಕೀಬೋರ್ಡ್ ಶಾರ್ಟ್‌ಕಟ್ಟೇ ಬೇಡವಾ’ ಅಂತ ಕೇಳಬಹುದು. ಬೇಕು ಮಾರಾಯ್ರೆ, ಖಂಡಿತ ಬೇಕು. ಕೀಬೋರ್ಡಿನಲ್ಲಿ ಕೆಲಸ ಮಾಡುವವರ ವೇಗ ನೋಡಬೇಕಾದರೆ ಮದುವೆ ಸೀಸನ್ನಿನಲ್ಲಿ ಕಾರ್ಕಳ ಪೇಟೆಯ ಡಿಟಿಪಿ ಅಂಗಡಿಗೆ ಹೋಗಿ. ಇಲ್ಲವೇ ಮಾರ್ಚ್ ಕೊನೆಗೆ ಉಡುಪಿಯ ಯಾವುದಾದರೂ ಲೆಕ್ಕಪರಿಶೋಧಕರ ಕಚೇರಿಗೆ. ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಹುಟ್ಟಿದ ಊರು ಇದು. ಲೆಕ್ಕ ಬರೆಯುವುದು ಇಲ್ಲಿನವರ ಕೈಗೆ ಹತ್ತಿದ ವಿದ್ಯೆ. ಆ ಕಚೇರಿಗಳಲ್ಲಿ ಟ್ಯಾಲಿ ತೆರೆದು ಕೂತವರ ಮೌಸ್ ಮೇಲೆ ಧೂಳು ಕೂತಿರುತ್ತದೆ.

ಟ್ಯಾಲಿ ಬೆಂಗಳೂರಿನ ತಂತ್ರಾಂಶ, ಕೀಬೋರ್ಡಿಗಾಗಿಯೇ ಕಟ್ಟಿದ್ದು. ಅದರಲ್ಲಿ ಎಂಟರ್ ಒತ್ತಿದರೆ ಮುಂದಿನ ಪೆಟ್ಟಿಗೆಗೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಕಂಟ್ರೋಲ್ ಮತ್ತು ಎ ಒತ್ತಿ ಉಳಿಸಬೇಕು. ಎಫ್5 ಒತ್ತಿದರೆ ಪೇಮೆಂಟ್ ವೋಚರ್, ಎಫ್6 ಒತ್ತಿದರೆ ರಸೀದಿ. ಇಪ್ಪತ್ತು ವರ್ಷ ಹೀಗೆ ದುಡಿದ ಕೈಯನ್ನು ಒಂದು ದಿನ ವೆಬ್ ಪುಟದ ಎದುರು ಕೂರಿಸಿ. ಮೊದಲ ಪೆಟ್ಟಿಗೆ ತುಂಬಿ ರೂಢಿಯಲ್ಲಿ ಎಂಟರ್ ಒತ್ತುತ್ತಾರೆ, ಅರ್ಧ ಫಾರ್ಮ್ ಹೊರಟುಹೋಗುತ್ತದೆ. ಪೇಮೆಂಟಿಗೆ ಅಂತ ಎಫ್5 ಒತ್ತುತ್ತಾರೆ, ಬ್ರೌಸರ್ ಪುಟವನ್ನೇ ಹೊಸದಾಗಿ ತೆರೆದು ತುಂಬಿದ್ದನ್ನೆಲ್ಲ ಒರೆಸಿಹಾಕುತ್ತದೆ. ಅವರಿಗೆ ಕಂಪ್ಯೂಟರ್ ಬರುವುದಿಲ್ಲ ಅಂತ ಆಫೀಸಿನ ಹೊಸ ಹುಡುಗರು ನಗುತ್ತಾರೆ. ಅಸಲಿಗೆ ಅವರಿಗೆ ನಮಗಿಂತ ಚೆನ್ನಾಗಿ ಬರುತ್ತದೆ, ಬೇರೆ ವ್ಯಾಕರಣದಲ್ಲಿ.

ಇಂಥವರಿಗೆ ಪುಟ ಬರೆಯುವಾಗ ಎಂಟರ್ ಏನು ಮಾಡಬೇಕು ಅನ್ನುವುದು ನಿಜಕ್ಕೂ ಯೋಚಿಸಬೇಕಾದ ಪ್ರಶ್ನೆ. ಒಂದೇ ಪೆಟ್ಟಿಗೆ ಇರುವ ಹುಡುಕಾಟಕ್ಕೆ ಎಂಟರ್ ಅಂದರೆ ಕಳಿಸು, ಅನುಮಾನವೇ ಇಲ್ಲ. ಇಪ್ಪತ್ತು ಪೆಟ್ಟಿಗೆಯ ಅರ್ಜಿಗೆ, ಕಳಿಸಿದ ಮೇಲೆ ತಿದ್ದಲು ಆಗದ ಅರ್ಜಿಗೆ, ಮೊದಲ ಪೆಟ್ಟಿಗೆಯಲ್ಲೇ ಎಂಟರ್‌ಗೆ ಅಷ್ಟು ಅಧಿಕಾರ ಕೊಡುವುದು ತಪ್ಪು. ‘ಇದಿಷ್ಟು ಕಳಿಸಲಾ’ ಅಂತ ಒಮ್ಮೆ ತೋರಿಸಿ ಕೇಳಿದರೆ ಯಾರ ಗಂಟೂ ಹೋಗುವುದಿಲ್ಲ. ನಕಲು ಮಾಡಿದ ತುಣುಕಿಗೆ ಈ ಎರಡು ಪುಟಗಳ ನಡುವಿನ ವ್ಯತ್ಯಾಸ ಗೊತ್ತಿರಲು ಸಾಧ್ಯವಿಲ್ಲ. ಗೊತ್ತಿರಬೇಕಾದದ್ದು ಅಂಟಿಸುವವರಿಗೆ.

ಕೊನೆಯ ತಕರಾರು ಬಟನ್ನೇ ಅಲ್ಲದ ಬಟನ್‌ಗಳ ಬಗ್ಗೆ. ಎಚ್‌ಟಿಎಂಎಲ್‌ನಲ್ಲಿ ‘ಬಟನ್’ ಅಂತಲೇ ಒಂದು ಇರುವಾಗ, ಅದರ ಅಂಚು ಬಣ್ಣ ಸರಿ ಕಾಣುವುದಿಲ್ಲ ಅಂತ ‘ಡಿವ್’ ಅನ್ನುವ ಖಾಲಿ ಚೌಕಕ್ಕೆ ಬಣ್ಣ ಬಳಿದು ಬಟನ್ ಅಂತ ನಿಲ್ಲಿಸುವ ಚಾಳಿ ನಮ್ಮ ವೃತ್ತಿಯಲ್ಲಿ ಉಂಟು. ಮೌಸ್ ಒತ್ತಿದರೆ ಅದು ಕೆಲಸ ಮಾಡುತ್ತದೆ. ಟ್ಯಾಬ್ ಒತ್ತುತ್ತ ಬಂದವರಿಗೆ ಅದು ಸಿಗುವುದೇ ಇಲ್ಲ. ಸಿಗುವ ಹಾಗೆ ಮಾಡಿದರೂ ಎಂಟರ್‌ಗೆ ಓಗೊಡುವುದಿಲ್ಲ. ಅದನ್ನೂ ಮಾಡಿದರೆ ಸ್ಪೇಸ್ ಒತ್ತಿದಾಗ ಪುಟ ಕೆಳಗೆ ಜಾರುತ್ತದೆ. ಬಟನ್ ಅಂತ ಒಂದೇ ಪದ ಬರೆದಿದ್ದರೆ ಪುಕ್ಕಟೆ ಸಿಗುತ್ತಿದ್ದ ಗುಣಗಳನ್ನು ಒಂದೊಂದಾಗಿ ಜಾವಾಸ್ಕ್ರಿಪ್ಟಿನಲ್ಲಿ ಕಟ್ಟುತ್ತ ಹೋಗುತ್ತೇವೆ. ಮೂರು ಕಟ್ಟುತ್ತೇವೆ, ನಾಲ್ಕನೆಯದು ಮರೆಯುತ್ತದೆ.

ಇದರ ಬೆಲೆ ಕೊಡುವವರು ಕಣ್ಣು ಕಾಣದವರು. ಅವರು ಬಳಸುವ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಪುಟವನ್ನು ಓದಿ ಹೇಳುತ್ತದೆ. ಕನ್ನಡವನ್ನೂ ಓದುತ್ತದೆ. ಅದರಲ್ಲಿ ಬಿ ಒತ್ತಿದರೆ ಮುಂದಿನ ಬಟನ್‌ಗೆ, ಎಚ್ ಒತ್ತಿದರೆ ಮುಂದಿನ ತಲೆಬರಹಕ್ಕೆ ಜಿಗಿಯಬಹುದು. ಬಣ್ಣ ಬಳಿದ ಡಿವ್ ಆ ಹುಡುಕಾಟದಲ್ಲಿ ಇಲ್ಲವೇ ಇಲ್ಲ. ಕಣ್ಣಿದ್ದವರಿಗೆ ಹಸಿರಾಗಿ ಹೊಳೆಯುವ ‘ಹಣ ಪಾವತಿಸಿ’ ಅವರ ಪಾಲಿಗೆ ಬರೀ ಎರಡು ಪದ.

ಮಾತಿನಲ್ಲಿ ಹೇಳಿ ಬರೆಸುವವರದ್ದು ಇನ್ನೊಂದು ಕಷ್ಟ. ಅವರು ಹೇಳಿದ ಪದವನ್ನು ತಂತ್ರಾಂಶ ಅಕ್ಷರ ಅಕ್ಷರವಾಗಿ ಕೀಲಿ ಒತ್ತಿದ ಹಾಗೆ ಪುಟಕ್ಕೆ ಕಳಿಸುತ್ತದೆ. ಪೆಟ್ಟಿಗೆಯ ಹೊರಗೆ ಒಂದು ಪದ ಜಾರಿದರೆ ಅದರ ಒಂದೊಂದು ಅಕ್ಷರವೂ ಒಂದೊಂದು ಬಟನ್ ಒತ್ತಬಹುದು. 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1 ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ ಅದಕ್ಕೇ ಒಂದು ಸೂತ್ರ ಸೇರಿಸಿತು. ಒಂಟಿ ಅಕ್ಷರದ ಶಾರ್ಟ್‌ಕಟ್ ಕೊಡುವುದಾದರೆ ಅದನ್ನು ಆರಿಸಲು ಇಲ್ಲವೇ ಬದಲಿಸಲು ಬಳಸುವವರಿಗೆ ದಾರಿ ಇರಬೇಕು. ಅದಿಲ್ಲದಿದ್ದರೆ ಸಂಬಂಧಪಟ್ಟ ಭಾಗದಲ್ಲಿ ನಿಂತಾಗ ಮಾತ್ರ ಅದು ಕೆಲಸ ಮಾಡಬೇಕು. ಮಾತಾಡುವವರಿಗಾಗಿ ಬರೆದ ಈ ಸೂತ್ರ ಪಾಲಿಸಿದರೆ ಕನ್ನಡದಲ್ಲಿ ಟೈಪ್ ಮಾಡುವವರಿಗೂ ಲಾಭ. ಬದಲಿಸಲು ಬಂದರೆ ಅವರು ತಮ್ಮ ಕೈಗೆ ಒಗ್ಗುವ ಕೀಲಿ ಇಟ್ಟುಕೊಳ್ಳುತ್ತಾರೆ.

ಇದನ್ನು ಒಳ್ಳೆಯತನ ಅಂತ ಮಾಡಬೇಕಾಗಿಯೂ ಇಲ್ಲ, ಕಾನೂನೇ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕೆವೈಸಿ ಮಾಡುವಾಗ ಕಣ್ಣು ಮಿಟುಕಿಸಿ ತೋರಿಸಿ ಅಂತ ಕೇಳಿದರೆ ಆಸಿಡ್ ದಾಳಿಗೆ ಒಳಗಾದವರು, ಅಂಧರು ಏನು ಮಾಡಬೇಕು ಅನ್ನುವುದು ಅಲ್ಲಿನ ಪ್ರಶ್ನೆ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವಂತಿರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ಕಣ್ಣು ಮಿಟುಕಿಸಲು ಆಗದವರನ್ನು ಹೊರಗಿಡುವ ಪುಟಕ್ಕೂ ಮೌಸ್ ಹಿಡಿಯಲು ಆಗದವರನ್ನು ಹೊರಗಿಡುವ ಪುಟಕ್ಕೂ ವ್ಯತ್ಯಾಸ ಎಷ್ಟು, ನೀವೇ ಹೇಳಿ.

ಹಾಗಾದರೆ ಈ ನಾಲ್ಕು ಸಾಲಿನ ಬಗ್ಗೆ ನನ್ನ ತೀರ್ಪು ಏನು? ಅದನ್ನು ಬರೆದವರ ಉದ್ದೇಶ ಒಳ್ಳೆಯದು. ಕೈ ಕೀಬೋರ್ಡ್ ಬಿಟ್ಟು ಮೌಸ್ ಹುಡುಕಬಾರದು ಅಂತ. ಆದರೆ ಅದು ಒಂದೇ ಕೈಯನ್ನು ಕಣ್ಣ ಮುಂದೆ ಇಟ್ಟುಕೊಂಡಿದೆ: ಇಂಗ್ಲಿಷ್ ಟೈಪ್ ಮಾಡುವ, ಪರದೆ ಕಾಣುವ, ಬರೆದವನದ್ದೇ ಆದ ಕೈ. ರಾಯರ ಕೀಲಿಮಣೆಯ ಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಸ್ಪಷ್ಟವಾಗುತ್ತದೆ. ಅವರ ಕೈಗೆ ಸಿಕ್ಕಿದ್ದು ಇನ್ನೊಂದು ಭಾಷೆಗಾಗಿ ಮಾಡಿದ ಯಂತ್ರ. ಅದರಲ್ಲಿ ಇದ್ದದ್ದನ್ನು ಎಸೆಯದೆ, ಒತ್ತುವವರು ಯಾರು, ಅವರ ಬಾಯಲ್ಲಿ ಪದ ಹೇಗೆ ಹುಟ್ಟುತ್ತದೆ ಅಂತ ನೋಡಿ ಕನ್ನಡ ತೆಗೆದರು. ನಮಗೆ ಸಿಕ್ಕಿದ್ದು ಎಂಟರ್, ಸ್ಪೇಸ್, ಟ್ಯಾಬ್ ಎಲ್ಲ ತಿಳಿದ ಬಟನ್. ಅದರಲ್ಲಿ ಇದ್ದದ್ದನ್ನು ಎಸೆದು ನಾಲ್ಕು ಸಾಲು ಅಂಟಿಸುತ್ತಿದ್ದೇವೆ.

ನೀವು ಈ ಕೆಲಸದಲ್ಲಿ ಇದ್ದರೆ ನಾಳೆ ಒಂದು ಹತ್ತು ನಿಮಿಷ ಮಾಡಿ. ಮೌಸ್ ತೆಗೆದು ಡ್ರಾಯರಿನಲ್ಲಿಡಿ. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿ. ನಿಮ್ಮದೇ ಪುಟ ತೆರೆದು ಊರಿನ ಹೆಸರಿನ ಜಾಗದಲ್ಲಿ ‘ಮಣಿಪಾಲ’ ಅಂತ ಬರೆಯಿರಿ. ಲಿಪ್ಯಂತರದಲ್ಲೂ ಒಮ್ಮೆ ಬರೆದು, ಪಟ್ಟಿಯಿಂದ ಆರಿಸಿ ಎಂಟರ್ ಒತ್ತಿ. ಆಮೇಲೆ ಟ್ಯಾಬ್ ಒತ್ತುತ್ತ ಕೊನೆಯ ಬಟನ್ ತನಕ ಹೋಗಿ ಸ್ಪೇಸ್ ಒತ್ತಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅದನ್ನು ಬರೆದಿಟ್ಟು ಸೋಮವಾರದ ಮೀಟಿಂಗಿನಲ್ಲಿ ಹೇಳಿ. ‘ಎಷ್ಟು ಜನ ಹಾಗೆ ಬಳಸ್ತಾರೆ’ ಅಂತ ಮ್ಯಾನೇಜರ್ ಕೇಳುತ್ತಾರೆ. ಈಗಿರುವ ಪುಟದಲ್ಲಿ ಹಾಗೆ ಬಳಸಲು ಬರುವುದಿಲ್ಲ, ಹಾಗಾಗಿ ಎಣಿಸಲೂ ಬರುವುದಿಲ್ಲ ಅಂತ ಹೇಳಿ.